ನೀಲಿ ಗಡಿಗೆ: ಲಕ್ಕಿ ಸೊಪ್ಪಿನ ವಾಸನೆ

ಜೋಳದ ಗಂಜಿ ಹುಳಿ ಬರುವ ಹೊತ್ತಿಗೆ ಅದರಲ್ಲಿ ಒಂದು ಹಿಡಿ ಲಕ್ಕಿ ಸೊಪ್ಪು ಜಜ್ಜಿ ಹಾಕಿದರೆ ಬರುವ ವಾಸನೆಯೇ ಬೇರೆ. ಅರ್ಧ ಅಡುಗೆಮನೆಯದು, ಅರ್ಧ ಔಷಧದ್ದು. ಚಿಕ್ಕಂದಿನಲ್ಲಿ ಶಾಲೆಯಿಂದ ಓಡಿ ಬಂದು ಪಾಟಿಚೀಲ ಎಸೆಯುವ ಮೊದಲೇ ಅದು ಮೂಗಿಗೆ ಬಡಿಯುತ್ತಿತ್ತು. ಜ್ವರ ಬಂದು ಮಗ್ಗದ ಪಕ್ಕದ ಚಾಪೆಯ ಮೇಲೆ ಮಲಗಿದಾಗ ನಿದ್ದೆಯೊಳಗೂ ಬರುತ್ತಿತ್ತು.

ಸಬ್‌ಇನ್‌ಸ್ಪೆಕ್ಟರ್ ಕಾವೇರಿ ಕರಿ ಶಾಲನ್ನು ಮೂಗಿನಿಂದ ಇಳಿಸದೆ ನಿಂತೇ ಇದ್ದಳು. ಅದು ಬೆಟಗೇರಿಯ ತನ್ನ ಸೋದರಮಾವನ ಮನೆಯ ವಾಸನೆ. ಕಪ್ಪತಗುಡ್ಡದ ಬುಡದ ಹಾಲಗುಂಡಿಯೆಂಬ ಈ ಕುರುಬರ ಹಳ್ಳಿಯ ಶಾಲಿಗೂ ಅದಕ್ಕೂ ಎಲ್ಲಿಯ ನಂಟು?

"ಮೇಡಂ, ಶಾಲು ಮೂಗಿಗೆ ಹಚ್ಚಿ ಎಷ್ಟೊತ್ತಾತು! ನೆಗಡಿ ಆಗೇತೇನ್ರಿ?" ಫಕೀರೇಶ ನಕ್ಕ.

"ಧೂಳ ಐತಿ," ಎಂದಳು ಕಾವೇರಿ. ಶಾಲನ್ನು ಮಡಚಿ ಕಟ್ಟೆಯ ಮೇಲಿಟ್ಟಳು.

ಫಕೀರೇಶ ಲಕ್ಷ್ಮೇಶ್ವರದ ಉಣ್ಣೆ ವ್ಯಾಪಾರಿ. ಹಾಲಗುಂಡಿಯ ಹೆಂಗಸರು ತಮ್ಮ ಕುರಿಗಳ ಉಣ್ಣೆಗೆ ಗಿಡಮರದ ಬಣ್ಣ ಕೊಟ್ಟು ನೇಯುವ ಶಾಲುಗಳು ಅವನ ಅಂಗಡಿಯಿಂದಲೇ ಊರೂರಿಗೆ ಹೋಗುತ್ತಿದ್ದವು. ಈ ಸಲ ಅವನಿಗೆ ತಲುಪಿದ ಗಂಟಿನಲ್ಲಿ ಆ ಶಾಲುಗಳಿರಲಿಲ್ಲ, ಅವುಗಳ ನಕಲುಗಳಿದ್ದವು. ಗಂಟು ತಂದುಕೊಟ್ಟ ಪ್ರಿಯಾ ಅಂದಿನಿಂದ ಮನೆಗೆ ಬಂದಿರಲಿಲ್ಲ. ಅವಳು ಈ ಮನೆಯ ಹಿರಿಯಳಾದ ಹುಚ್ಚವ್ವನ ಮೊಮ್ಮಗಳು.

ಮನೆಯ ಮಂದಿ ಕೆಲಸದ ಮೇಲೆ ಓಡಾಡುತ್ತಿದ್ದ ಹುಚ್ಚವ್ವನ ಅಂಗಳದ ಬೇವಿನ ಮರದ ಕೆಳಗೆ ಇದ್ದದ್ದು ಒಂದೇ ಕುರ್ಚಿ. ನೆರಳು ಸರಿದದ್ದನ್ನು ಕಂಡು ಆಕೆ, "ಒಂದೀಟು ಏಳಪಾ," ಎಂದು ಫಕೀರೇಶನನ್ನು ಎಬ್ಬಿಸಿ, ಕುರ್ಚಿಯನ್ನು ನೆರಳಿಗೆ ಎಳೆದು ಮತ್ತೆ ಕೂರಿಸಿದಳು. ತನ್ನ ಮೊಮ್ಮಗಳನ್ನು ಕಳ್ಳಿ ಎನ್ನಲು ಬಂದವನಿಗೆ ಬಿಸಿಲು ಬಡಿಯದಿರಲಿ ಎಂದು. ಫಕೀರೇಶನಿಗೆ ಅದು ಗಮನಕ್ಕೇ ಬರಲಿಲ್ಲ. ಕಾವೇರಿಗೆ ಬಂತು.

"ನಾ ಸುಮ್‌ಸುಮ್ನ ಬಂದಿಲ್ರಿ," ಎಂದ ಅವನು. "ಈ ಶಾಲು ಕೊಡವಿ ನೋಡ್ರಿ. ಬಿಳಿ ಪುಡಿ ಉದರತೈತಿ. ಹುಚ್ಚವ್ವನ ಶಾಲು ಎಂದಾರ ಹಿಂಗ ಉದರಿದ್ದು ಐತೇನು? ನೇಗಿ ಬ್ಯಾರೆ. ಅಂಚಿಗೆ ಇರಬೇಕಾದ ನೇರಳಿ ಗೆರಿ ಇಲ್ಲ. ಇಲ್ಲಿ ನೋಡಿದ್ರ ನೂಲಿನ ಬುಟ್ಟಿ ಖಾಲಿ, ಹುಡುಗಿ ನಾಪತ್ತಿ. ನಾ ಯಾರನ್ನ ಹಿಡೀಲಿ?"

"ಹಿಡಿಯೂದು ನಮ್ಮ ಕೆಲಸ. ನೀವು ಹೇಳೂದಷ್ಟ ಹೇಳ್ರಿ."

"ಹೇಳೇಬಿಡ್ತೀನಿ. ಸಂಜೀತನಾ ನೋಡ್ತೀನಿ. ಅಸಲಿ ಶಾಲು ಬರಲಿಲ್ಲಂದ್ರ ಪ್ರಿಯಾನ ಹೆಸರೀಲೆ ಕಳವಿನ ಫಿರ್ಯಾದಿ ಕೊಡ್ತೀನಿ. ಆಮ್ಯಾಲೆ ಯಾರೂ ನನಗ ಏನೂ ಅನ್ನಬಾರ್ದು."

ಹುಚ್ಚವ್ವ ಕಟ್ಟೆಯ ಮೇಲಿನ ಶಾಲನ್ನು ಮಡಿಲಿಗೆ ಎಳೆದುಕೊಂಡಳು. ಕುರಿಯ ಮೈಯಿಂದ ಬಂದ ಕರಿ ಬಣ್ಣದ ನಡುವೆ ಕೆಂಪು ಪಟ್ಟಿ, ಅದರ ಪಕ್ಕಕ್ಕೆ ನೀಲಿ ಪಟ್ಟಿ. ಹೆಬ್ಬೆರಳಿನಿಂದ ಎಳೆ ಎಳೆಯನ್ನೂ ಸವರಿದಳು. ಆಕೆಯ ಉಗುರುಗಳೆಲ್ಲ ನೀಲಿ. ವರ್ಷಗಟ್ಟಲೆ ಬಣ್ಣದಲ್ಲಿ ಅದ್ದಿ ಅದ್ದಿ, ಎಷ್ಟು ತಿಕ್ಕಿದರೂ ಹೋಗದ ನೀಲಿ.

"ಉಣ್ಣಿ ನಮ್ಮ ಕುರೀದು," ಎಂದಳು. "ಬಣ್ಣ ನಂದು. ಕೈ ಅಷ್ಟ ನಂದಲ್ಲ."

"ಕೇಳಿದ್ರಿಲ್ಲೋ ಮೇಡಂ!"

"ಆದ್ರ ಕೈ ಭಾಳ ಛಲೋ ಐತಿ ನೋಡವಾ," ಹುಚ್ಚವ್ವ ಶಾಲನ್ನು ಕಾವೇರಿಯ ಕಡೆಗೆ ಹಿಡಿದಳು. "ಅಂಚು ಹೆಂಗ ಬಂದೈತಿ, ದಾರ ಹಿಡದು ಗೆರಿ ಎಳದಂಗ. ಇದನ್ನ ನೇದವರು ಯಾರಾರ ಇರಲಿ, ಅವಸರದ ಮಂದಿ ಅಲ್ಲ."

"ಯವ್ವಾ, ನಕಲಿ ಮಾಡಿದವರನ್ನ ಹೊಗಳಾಕ ನಿಂತಿಯಲ್ಲಬೇ!"

"ನೇಗಿ ಛಲೋ ಇದ್ರ ಛಲೋ ಅನ್ನೂದು. ನೀ ಮಜ್ಜಿಗಿ ಕುಡಿ, ತಣ್ಣಗಾಗು."

ಫಕೀರೇಶ ಮಜ್ಜಿಗೆ ಕುಡಿದು ಲೋಟವನ್ನು ತಾನೇ ತೊಳೆದಿಟ್ಟು ಕಾರು ಹತ್ತಿದ. ಊರ ಬಾಗಿಲಲ್ಲಿ ಕುರಿಯ ಹಿಂಡು ಅಡ್ಡ ಬಂತು. ಅವನು ಹಾರ್ನು ಹೊಡೆಯಲಿಲ್ಲ. ಕೊನೆಯ ಮರಿ ದಾಟುವವರೆಗೂ ಕಾಯ್ದು ಹೋದ.

"ಮನುಷ್ಯಾ ಕೆಟ್ಟಂವ ಇದ್ದಂಗ ಕಾಣಂಗಿಲ್ರಿ," ಎಂದ ಕಾನ್‌ಸ್ಟೇಬಲ್ ಇನಾಯತ. ಅವನು ಜೀಪು ಓಡಿಸುವವನು, ಮಾತು ಓಡಿಸುವುದೂ ಅವನದೇ ಕೆಲಸ.

"ನಿನಗ ಯಾರೂ ಕೆಟ್ಟವರಿದ್ದಂಗ ಕಾಣಂಗಿಲ್ಲ ಇನಾಯತ. ಹೋದ ವರ್ಷ ಕಿಸೆಗಳ್ಳಗ ಚಾ ಕುಡಿಸಿದಿ."

"ಚಳಿ ಇತ್ತಲ್ರಿ ಮತ್ತ."

ಅವನು ಅಂಗಳದ ಹಗ್ಗಕ್ಕೆ ಒಣಹಾಕಿದ್ದ ತೋಳಿಲ್ಲದ ಉಣ್ಣೆಯ ಬಂಡಿ ಅಂಗಿಯೊಂದನ್ನು ಮೈಗೆ ಹಿಡಿದು ನೋಡುತ್ತಿದ್ದ. ಉಳ್ಳಾಗಡ್ಡಿ ಸಿಪ್ಪೆಯ ಹಳದಿ, ಹೊಂಬಣ್ಣಕ್ಕೆ ತಿರುಗಿದ ಹಳದಿ. ಗದಗಿನ ಮಾರ್ಕೆಟ್ಟಿನಲ್ಲಿ ಕಾಲಡಿ ತುಳಿದು ಹೋಗುವ ಸಿಪ್ಪೆಯಲ್ಲಿ ಇಷ್ಟು ಚೆಲುವಿತ್ತೇ ಎಂದು ಕಾವೇರಿ ಬೆರಗಾದಳು. ಪಕ್ಕದಲ್ಲಿ ದಾಳಿಂಬೆ ಸಿಪ್ಪೆಯ ಹಸಿರುಮಿಶ್ರ ಕಂದು, ಅದರಾಚೆ ಮಂಜಿಷ್ಠದ ಬೇರಿನ ಕೆಂಪು. ಕಣ್ಣು ಕುಕ್ಕುವ ಬಣ್ಣ ಒಂದೂ ಇಲ್ಲ. ಎಲ್ಲವೂ ಸಂಜೆಯ ಹೊಲ ನೋಡಿದಂತೆ ಕಣ್ಣಿಗೆ ತಂಪು.

ಹಿಂಡು ಅಂಗಳದ ಬೇಲಿಗೆ ಒತ್ತಿಕೊಂಡು ಹೋಯಿತು. ಮೈತುಂಬ ಕರಿ ಉಣ್ಣೆ, ಒಂದೆರಡರ ಹಣೆಗೆ ಬಿಳಿ ಬೊಟ್ಟು. ಇದು ಈ ಸೀಮೆಯ ಹಳೆಯ ತಳಿ, ದಖನಿ ಕುರಿ. ಸುತ್ತಲ ಊರುಗಳಲ್ಲಿ ಮಾಂಸಕ್ಕೆಂದು ಉಣ್ಣೆಯಿಲ್ಲದ ಕೆಂದು ಕುರಿ ತಂದು ಕಟ್ಟಿದರೂ ಹಾಲಗುಂಡಿಯವರು ಇದನ್ನು ಬಿಟ್ಟಿರಲಿಲ್ಲ.

"ಮಳಿ, ಬಿಸಿಲು, ಕಲ್ಲು, ಮುಳ್ಳು, ಏನಕ್ಕೂ ಅಂಜಂಗಿಲ್ಲ," ಎಂದಳು ಹುಚ್ಚವ್ವ, ಮನೆಯ ಮಕ್ಕಳ ಬಗ್ಗೆ ಹೇಳಿದಂತೆ. "ಅದರ ಉಣ್ಣೀನೂ ಹಂಗ. ಮೊಂಡ. ಪಳಗಿಸಿದ್ರ ಜೀವ ಇರೂತನಾ ಬೆಚ್ಚಗ ಇಡತೈತಿ."

ಕೇಳಲೇಬೇಕಾದ ಪ್ರಶ್ನೆಯನ್ನು ಕಾವೇರಿ ಇಷ್ಟು ಹೊತ್ತು ತಡೆದಿದ್ದಳು. ಈಗ ಕೇಳಿದಳು.

"ಆಯಿ, ಮಗ್ಗಕ್ಕ ಏರಿಸೂ ಮೊದಲು ಎಳಿ ಗಟ್ಟಿ ಆಗಾಕ ಏನು ಹಚ್ತೀರಿ?"

"ಮತ್ತೇನು, ಹುಣಸಿ ಬೀಜದ ಸರಿ."

ಹುಚ್ಚವ್ವ ಒಲೆಯ ಪಕ್ಕದ ಪಾತ್ರೆ ತೋರಿಸಿದಳು. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಕುಟ್ಟಿ, ಕುದಿಸಿ ಮಾಡಿದ ಕಂದು ಬಣ್ಣದ ಅಂಟು ಸರಿ. ಕಾವೇರಿ ಬಗ್ಗಿ ಮೂಸಿದಳು. ಹುರಿದ ಬೀಜದ ಒಗರು ಪರಿಮಳ. ಲಕ್ಕಿ ಸೊಪ್ಪಿನ ಸುಳಿವೂ ಇಲ್ಲ.

"ಜ್ವಾಳದ ಗಂಜಿ ಹಚ್ಚಿದ್ರ?"

"ಅಯ್ಯ, ಅದು ಸೀರಿ ನೇಯೋರ ಪದ್ಧತಿ. ಉಣ್ಣಿಗೆ ಹಚ್ಚಿದ್ರ ಒಣಗಿದ ಮ್ಯಾಲೆ ಬಿಳಿ ಪುಡಿ ಆಗಿ..." ಹುಚ್ಚವ್ವ ತಟ್ಟನೆ ನಿಲ್ಲಿಸಿದಳು.

ಮಡಿಲಿನ ಶಾಲನ್ನು ನೋಡಿದಳು. ಕಾವೇರಿಯ ಮುಖ ನೋಡಿದಳು. ಆ ಮುಖದಲ್ಲಿ ಏನು ಕಂಡಿತೋ, ಶಾಲನ್ನು ಮಡಚಿ ಅವಳ ಕೈಗೇ ಕೊಟ್ಟಳು.

"ಬಾರವಾ, ನನ್ನ ಗಡಿಗಿ ತೋರಸ್ತೀನಿ," ಎಂದು ಎದ್ದಳು.

ಹಿತ್ತಲಿನ ಮೂಲೆಯಲ್ಲಿ ಅರ್ಧ ಮಣ್ಣಿನೊಳಗೆ ಹೂತ ದೊಡ್ಡ ಗಡಿಗೆ. ಬಾಯಿಗೆ ಗೋಣಿಚೀಲ. ತೆಗೆದರೆ ಮೇಲೆ ತಾಮ್ರದ ಹೊಳಪಿನ ನೊರೆ. ಹುಚ್ಚವ್ವ ಒಂದು ಲಡಿ ಬಿಳಿ ಉಣ್ಣೆಯ ನೂಲನ್ನು ಮೆಲ್ಲಗೆ ಇಳಿಸಿ, ಕೈಯಾಡಿಸಿ, ಮೇಲೆತ್ತಿದಳು. ನೂಲು ಗಿಳಿಹಸಿರಾಗಿತ್ತು. ಗಾಳಿ ತಾಗುತ್ತಿದ್ದಂತೆ ಆ ಹಸಿರು ಕಣ್ಣೆದುರೇ ಕರಗಿ, ಅಂಚಿನಿಂದ ಒಳಗೊಳಗೆ ನೀಲಿಯಾಗುತ್ತ ಹೋಯಿತು.

"ಯಾ ಅಲ್ಲಾ," ಎಂದ ಇನಾಯತ.

"ಇದು ನಮ್ಮತ್ತಿ ಕೊಟ್ಟ ಗಡಿಗಿ. ಇದರಾಗಿನ ನೀಲಿ ಒಮ್ಮೆನೂ ಸತ್ತಿಲ್ಲ. ದಿನಾ ತಿರುವಬೇಕು, ಬೆಲ್ಲ ಉಣಸಬೇಕು, ಚಳಿ ಬಿದ್ರ ಹೊದಸಬೇಕು. ಮುಂದ ಪ್ರಿಯಾಗ ಕೊಡಾಕಿ ಇದ್ದೆ." ಹುಚ್ಚವ್ವ ನೂಲನ್ನು ಹಿಂಡಿದಳು. "ಕಳವಿನ ಹೆಸರು ಹೊತ್ತಾಕಿ ಈ ಗಡಿಗ್ಯಾಗ ಕೈ ಹಾಕಂಗಿಲ್ಲ ಅಂತಾರ ನಮ್ಮ ಹೆಣ್ಮಕ್ಕಳು. ಮೊದಲಿಂದ ಬಂದದ್ದು. ನಾ ಒಬ್ಬಾಕಿ ಬ್ಯಾಡ ಅಂದ್ರ ನಡಿಯಂಗಿಲ್ಲ. ಫಿರ್ಯಾದಿ ಬಿದ್ರ ಇದನ್ನ ಯಾರ ಕೈಯಾಗ ಇಡ್ಲಿ?"

ಕಾವೇರಿ ಗಡಿಗೆಗೆ ಗೋಣಿಚೀಲ ಮುಚ್ಚಲು ತಾನೂ ಒಂದು ತುದಿ ಹಿಡಿದಳು.

"ಈ ಸಲ ಒಂದು ಹೊಸಾ ಬಣ್ಣ ಸಿಕ್ಕಿತ್ತು," ಹುಚ್ಚವ್ವ ತನ್ನಷ್ಟಕ್ಕೆ ಹೇಳಿಕೊಂಡಳು. "ಮಂಜಿಷ್ಠದ ಕೆಂಪು ನೂಲು ತುಕ್ಕು ಹಿಡದ ಬಕೀಟನ್ಯಾಗ ಬಿದ್ದು ನೇರಳಿ ಆತು. ಎಂಥಾ ನೇರಳಿ ಅಂತೀ! ಎಲ್ಲಾರೂ ಹಳ್ಳಕ್ಕ ಕುರಿ ಮೈ ತೊಳಿಯಾಕ ಹೋದಾಗ ಒಬ್ಬಾಕಿನ ಕುಂತು, ನೇದಿಟ್ಟ ಒಂದೊಂದು ಶಾಲಿಗೂ ಒಂದು ಅಂಚಿಗೆ ದಬ್ಬಣದಿಂದ ಗೆರಿ ಹೊಲದೆ. ಟ್ರಂಕಿನ್ಯಾಗ ಮುಚ್ಚಿಟ್ಟೆ. ಪ್ರಿಯಾಗೂ ಹೇಳಲಿಲ್ಲ. ಗಂಟು ಕಟ್ಟಾಕ ತಗದಾಗ ತಾನ ನೋಡ್ಲಿ, ಹಿಗ್ಗಲಿ ಅಂತ ಇದ್ದೆ."

ಆ ಮಾತು ಕಾವೇರಿಯ ಕಿವಿಗೆ ಬಿತ್ತು. ಮನಸ್ಸಿಗೆ ಇಳಿಯಲಿಲ್ಲ. ಮನಸ್ಸಿನ ತುಂಬ ಲಕ್ಕಿ ಸೊಪ್ಪೇ ಇತ್ತು.

ಜೀಪು ಮುಳಗುಂದದ ದಾರಿ ಹಿಡಿಯಿತು. ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರದ ರೆಕ್ಕೆಗಳು ನಿಧಾನ ತಿರುಗುತ್ತಿದ್ದವು. ಇನಾಯತ ಅಸುಂಡಿ ದಾಟುವವರೆಗೂ ಬಾಯಿಬಿಡಲಿಲ್ಲ. ಅದೇ ದೊಡ್ಡ ವಿಷಯ.

"ಮೇಡಂರಿ, ಎಲ್ಲಿಗೆ ಅಂತ ಹೇಳಲಿಲ್ಲ ನೀವು."

"ಬೆಟಗೇರಿಗೆ."

"ಯಾರ ಮನಿಗ್ರಿ?"

"ನಮ್ಮ ಮಾವನ ಮನಿಗೆ. ಓಣಿ ಬಾಯಾಗ ನಿಲ್ಲಸು. ಒಳಗ ಜೀಪು ಒಯ್ಯಬ್ಯಾಡ."

ಇನಾಯತ ಕನ್ನಡಿಯಲ್ಲಿ ಒಮ್ಮೆ ನೋಡಿದ. "ಊಟಕ್ಕೇನ್ರಿ?" ಎಂದು ಕೇಳಿದ.

"ಅಲ್ಲ."

ಅವನು ಓಣಿಯ ಬಾಯಲ್ಲಿ ನಿಲ್ಲಿಸಿ, "ನಾ ಇಲ್ಲೇ ಗಾಲಿ ನೋಡ್ಕೋತ ನಿಂತಿರ್ತೀನಿ. ಯಾರರ ಕೇ‌ಳಿದ್ರ ಪಂಕ್ಚರ್ ಅಂತೀನಿ," ಎಂದ.

ಓಣಿಯಲ್ಲಿ ಈಗ ಮಗ್ಗದ ಸದ್ದು ಅಲ್ಲೊಂದು ಇಲ್ಲೊಂದು. ಒಂದು ಮನೆಯಲ್ಲಿ ಮೊಬೈಲು ರಿಪೇರಿ, ಇನ್ನೊಂದರಲ್ಲಿ ಹೊಲಿಗೆ ಮಷೀನು. ಮಾವ ನಿಂಗಪ್ಪನ ಮನೆಯಲ್ಲಿ ಮಾತ್ರ ಲಾಳಿಯ ಖಟಖಟ ಹಿಂದಿನಂತೆಯೇ ಇತ್ತು. ಹೊಸ್ತಿಲಲ್ಲಿ ಕುಳಿತು ಅತ್ತೆ ಬನಶಂಕರೆವ್ವ ಕಲ್ಲಿನಲ್ಲಿ ಲಕ್ಕಿ ಸೊಪ್ಪು ಜಜ್ಜುತ್ತಿದ್ದಳು. ಗಂಜಿಯ ಪಾತ್ರೆಗೆ ಹುಳ ಬರಬಾರದು ಎಂದು ಅವಳ ತಾಯಿ ಹಾಕುತ್ತಿದ್ದಳಂತೆ. ಇಡೀ ಓಣಿಯಲ್ಲಿ ಹಾಗೆ ಹಾಕುವವಳು ಅವಳೊಬ್ಬಳೇ.

"ಬಾ ನಮ್ಮವ್ವ," ಎಂದಳು ಅತ್ತೆ. ಕಾವೇರಿಯ ಮೈಮೇಲಿನ ಖಾಕಿ ನೋಡಿದಳು. ಕಂಕುಳಲ್ಲಿದ್ದ ಶಾಲು ನೋಡಿದಳು. ಜಜ್ಜುವ ಕೈ ನಿಂತಿತು.

ಒಳಗೆ ಲಾಳಿಯೂ ನಿಂತಿತು.

ನಿಂಗಪ್ಪ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತಿದ್ದ. ಕಾವೇರಿಗೆ ಎಳೆ ಹಿಡಿಯಲು ಕಲಿಸಿದವನು, ಅವಳು ಪರೀಕ್ಷೆ ಪಾಸಾದಾಗ ಓಣಿಗೆಲ್ಲ ಪೇಡೆ ಹಂಚಿದವನು. ಅವಳು ಶಾಲನ್ನು ಅರ್ಧ ನೇಯ್ದ ಸೀರೆಯ ಮೇಲೆ ಹಾಸಿದಳು.

"ಮಾವ, ಇದು ನಿಮ್ಮ ಕೈ."

"ಇಂಥಾ ಕೈ ಊರಾಗ ಭಾಳ ಅದಾವ."

"ಕೈ ಇರಬಹುದು. ಅತ್ತಿ ಗಂಜಿ ಎಲ್ಲಾರ ಮನ್ಯಾಗ ಇರತೈತೇನು?"

ನಿಂಗಪ್ಪ ಶಾಲನ್ನು ಎತ್ತಿ ಮೂಸಿದ. ಹೊಸ್ತಿಲಿನ ಕಡೆ ತಿರುಗಿ ಹೆಂಡತಿಯನ್ನು ದುರುಗುಟ್ಟಿ ನೋಡಿದ. "ನಿನ್ನ ಲಕ್ಕಿ ತಪ್ಪಲ ಮನಿ ಮುಳುಗಸ್ತು ನೋಡು."

"ನನಗ್ಯಾಕ ಅಂತೀರಿ?" ಅತ್ತೆ ಒಳಗೆ ಬಂದಳು. "ಉಣ್ಣಿಗೆ ಏನು ಹಚ್ತಾರ ಅಂತ ಕುರುಬರ ಮನಿಗೆ ಹೋಗಿ ಕೇಳಿ ಬರ್ರಿ ಅಂತ ನಾ ಬಡಕೊಂಡೆ. ನಲವತ್ತು ವರ್ಷ ನೇದೀನಿ, ನನಗ ಯಾರು ಹೇಳ್ತಾರ ಅಂದ್ರಿ. ಗಂಜಿ ಹಚ್ಚಿದ್ರಿ. ಉದರಿತಿಲ್ಲೋ!"

"ಆತು ಸುಮ್ನಿರು. ಕೈ ಕೇಳಲಿಲ್ಲ. ಕುಂಚ ಹಿಡದ ಕೂಡ್ಲೆ ಗಂಜಿ ಪಾತ್ರಿ ಕಡೆ ಹೋತು." ನಿಂಗಪ್ಪ ಶಾಲಿನ ಅಂಚನ್ನು ಬೆರಳಲ್ಲಿ ಸವರಿದ. ಸಿಕ್ಕಿಬಿದ್ದ ಅಳುಕಿನ ನಡುವೆಯೂ ಅವನ ಬೆರಳಿಗೆ ಅದರ ಮೇಲೆ ಮೋಹವಿತ್ತು. "ಏನು ಉಣ್ಣಿ ಅಂತಿ ಕಾವೇರಿ! ಮೊದಲು ಮಾತ ಕೇಳಂಗಿಲ್ಲ. ಲಾಳಿ ಕಡಿಯಾಕ ಬರತೈತಿ. ಎರಡು ದಿನ ನನ್ನ ಆಟ ಆಡಸ್ತು. ಆಮ್ಯಾಲೆ ತಾನ ಒಲದು ಬಂತು. ಬಣ್ಣ ನೋಡು, ಇದನ್ನ ಮಾಡಿದಾಕಿ ಕೈಗೆ ನಮಸ್ಕಾರ ಮಾಡಬೇಕು."

"ಆಕೀನೂ ನಿಮ್ಮ ಕೈನ ಹೊಗಳಿದ್ಲು. ಇವತ್ತ ಮುಂಜೇಲೆ."

ನಿಂಗಪ್ಪನ ಕಣ್ಣು ಒದ್ದೆಯಾಯಿತು. ತಲೆ ತಗ್ಗಿಸಿದ.

"ಮಾವ, ನೂಲು ಯಾರು ತಂದ್ರು?"

ನಿಂಗಪ್ಪ ಮಗ್ಗದ ಮೇಲೆ ತುಂಡಾದ ಎಳೆಯೊಂದನ್ನು ಹುಡುಕಿ ಗಂಟು ಹಾಕತೊಡಗಿದ.

"ಸಂಜಿಗೆ ಒಂದು ಹುಡುಗಿ ಹೆಸರು ಠಾಣೆದಾಗ ಕಳ್ಳಿ ಅಂತ ಬೀಳತೈತಿ. ಅದು ಬಿದ್ದ ಮ್ಯಾಲೆ ಅಕಿ ಅಜ್ಜಿ ಅಕಿಗೆ ಗಡಿಗಿ ಮುಟ್ಟಿಸೂ ಹಂಗಿಲ್ಲ. ನೀವು ನೇದದ್ದು ತಪ್ಪು ಅನ್ನಾಕ ನಾ ಬಂದಿಲ್ಲ. ಯಾರು ನೇಯಿಸಿದ್ರು, ಯಾಕ ನೇಯಿಸಿದ್ರು, ಅದು ಬೇಕು."

"ಇಕಿ ಕೇಳೂದು ಪೊಲೀಸ್ ಆಗೋ, ಮನಿ ಮಗಳಾಗೋ?" ನಿಂಗಪ್ಪ ಹೆಂಡತಿಯನ್ನು ಕೇಳಿದ.

"ಜೀಪು ಓಣಿ ಹೊರಗ ಬಿಟ್ಟು ನಡಕೋತ ಬಂದಾಳ," ಎಂದಳು ಬನಶಂಕರೆವ್ವ. "ಇನ್ನೂ ಕೇಳ್ತೀರೇನು?"

ನಿಂಗಪ್ಪ ಕುಣಿಯಿಂದ ಕಾಲೆತ್ತಿ ಮೇಲೆ ಬಂದು ಕುಳಿತ.

"ಒಂದು ಹುಡುಗಿ ಬಂದ್ಲು. ತಲಿ ಮ್ಯಾಲೆ ನೂಲಿನ ಗಂಟು. ಅಜ್ಜಾರ, ನಮ್ಮ ಆಯಿ ನೇದಿಟ್ಟ ಶಾಲು ಟ್ರಂಕಿನ್ಯಾಗಿಂದ ಹೋಗ್ಯಾವ, ಆಯಿಗೆ ಹೇಳಿದ್ರ ಎದಿ ಒಡದು ಸಾಯ್ತಾಳ, ಉಳದ ನೂಲಿನ್ಯಾಗ ಅಂಥಾವ ನೇದು ಕೊಡ್ರಿ ಅಂತ ಅತ್ಲು. ಅಸಲಿ ಸಿಗೂತನಾ ಅಂಗಡಿ ಮಾತು ಉಳಿಲಿ ಅಂತ. ನಾ ಹೆಂಗ ಇಲ್ಲ ಅನ್ನಲಿ?"

"ನಮೂನಿಗೆ ಹಳೇ ಶಾಲು ತಂದಿದ್ಲೇನು?"

"ಇದ್ರ ತರ್ತಿದ್ಲಲ್ಲ! ಬಾಯಿಲೇ ಹೇಳಿದ್ಲು. ಕರಿ ಇಷ್ಟು, ಕೆಂಪು ಇಷ್ಟು, ನೀಲಿ ಇಷ್ಟು. ಹೇಳಿದಂಗ ನೇದೀನಿ. ಒಂದೆಳಿ ಹೆಚ್ಚು ಕಡಿಮಿ ಇಲ್ಲ."

"ಮತ್ತ ನೇರಳಿ ಗೆರಿ ಯಾಕ ಬಿಟ್ರಿ?"

ನಿಂಗಪ್ಪ ಹುಬ್ಬು ಗಂಟಿಕ್ಕಿದ. "ಯಾವ ನೇರಳಿ ಗೆರಿ?"

ಕಾವೇರಿ ಶಾಲಿನ ಬರಿ ಅಂಚನ್ನು ಮತ್ತೆ ನೋಡಿದಳು. ಬೆಳಿಗ್ಗೆ ಕಿವಿಗೆ ಬಿದ್ದು ಅಲ್ಲೇ ಉಳಿದಿದ್ದ ಮಾತು ಈಗ ಒಳಗಿಳಿಯಿತು.

ನೇರಳೆ ಗೆರೆ ಹೊಲಿದದ್ದು ಹುಚ್ಚವ್ವ ಒಬ್ಬಳೇ, ಯಾರೂ ಇಲ್ಲದಾಗ. ಪ್ರಿಯಾಗೂ ಹೇಳಿರಲಿಲ್ಲ. ಪ್ರಿಯಾ ಆ ಶಾಲುಗಳನ್ನು ಕಂಡಿದ್ದರೆ ಗೆರೆಯನ್ನೂ ಹೇಳಿ ಮಾಡಿಸುತ್ತಿದ್ದಳು. ಅವಳು ಟ್ರಂಕು ತೆಗೆಯುವ ಮೊದಲೇ ಅವು ಹೋಗಿದ್ದವು. ಕದ್ದವಳು ಅವಳಲ್ಲ.

ಹಾಗಾದರೆ ಆ ಗೆರೆ ಇರಬೇಕಿತ್ತೆಂದು ಬೇವಿನ ಮರದ ಕೆಳಗೆ ಕುಳಿತು ಹೇಳಿದವನಿಗೆ ಅದು ಹೇಗೆ ಗೊತ್ತು?

ಕಿಸೆಯಲ್ಲಿ ಫೋನು ಗುಣುಗುಟ್ಟಿತು. ಫಕೀರೇಶ.

"ಮೇಡಂ, ಏನಾತ್ರಿ? ನಾ ಠಾಣೆಗೆ ಹೊಂಟೀನಿ."

"ಬರ್ರಿ. ಫಿರ್ಯಾದ್ಯಾಗ ಅಸಲಿ ಶಾಲಿನ ಗುರುತು ಬರೀಬೇಕು. ಅದಕ್ಕ ಕೇಳ್ತೀನಿ." ಕಾವೇರಿ ದನಿಯನ್ನು ಸಡಿಲ ಬಿಟ್ಟಳು. "ಆ ನೇರಳಿ ಗೆರಿ ಎರಡೂ ಅಂಚಿಗೆ ಇತ್ತೇನ್ರಿ?"

"ಇಲ್ರಿ, ಒಂದ ಅಂಚಿಗೆ. ನೇಗ್ಯಾಗ ಬಂದದ್ದಲ್ಲ, ದಬ್ಬಣದ ಹೊಲಿಗಿ. ಏನು ನಾಜೂಕು ಅಂತೀರಿ! ನಮ್ಮ ಅಂಗಡ್ಯಾಗ ಅಂಥಾ ಕೆಲಸ ನಾ ಎಂದೂ..."

ಆ ದನಿಯಲ್ಲಿದ್ದದ್ದು ನಿಜವಾದ ಮೆಚ್ಚುಗೆ. ಅದೇ ಅವನನ್ನು ಅಷ್ಟು ದೂರ ಎಳೆದೊಯ್ದಿತ್ತು. ಮಾತು ನಿಂತಿತು.

"ಯಾವಾಗ ನೋಡಿದ್ರಿ ಫಕೀರೇಶ?"

ಆ ಕಡೆಯಿಂದ ಫೋನು ಕಟ್ಟಾಗಿತ್ತು.

ಕಾವೇರಿ ಅದನ್ನು ಮತ್ತೆ ಕಿಸೆಗೆ ಹಾಕಿದಳು. ಒಂದು ನಾಲಗೆ ಜಾರಿದ್ದು ಸಾಲದು. ಆ ಶಾಲುಗಳು ಎಲ್ಲಿವೆ? ಟ್ರಂಕಿನಿಂದ ಅವನ್ನು ಅವನಿಗೆ ಎತ್ತಿಕೊಟ್ಟವರು ಯಾರು? ಇದನ್ನು ಹೇಳಬಲ್ಲವಳು ಒಬ್ಬಳೇ ಇರಬಹುದು.

"ಮಾವ, ಗಂಟು ಅಂಗಡಿಗೆ ಮುಟ್ಟಿಸಿದ ಮ್ಯಾಲೆ ಆ ಹುಡುಗಿ ಏನಾದ್ಲು?"

ನಿಂಗಪ್ಪ ಮೊದಲು ಹೆಂಡತಿಯ ಮುಖ ನೋಡಿದ.

"ತಿರಗಿ ಇಲ್ಲಿಗೇ ಬಂದ್ಲು. ಮಾರಿ ಬಿಳಚಿಕೊಂಡು ಸುಣ್ಣ ಆಗಿತ್ತು. ಆ ಅಂಗಡಿ ಒಳಗ ಯಾರನ್ನೋ ನೋಡ್ಯಾಳ. ಯಾರು ಅಂದ್ರ ಬಾಯಿ ಬಿಡವಲ್ಲಳು. ನಮ್ಮ ಮನಿ ಮಂದಿ ಅಜ್ಜ, ನಮ್ಮ ಮನಿ ಮಂದಿ, ಇಷ್ಟ ಅಂತಾಳ. ಅಕಿ ಅಂಜಿದ್ದು ಪೊಲೀಸರಿಗೆ ಅಲ್ಲವಾ."

ಹುಚ್ಚವ್ವನ ಮನೆಯವರೇ? ಕಾವೇರಿಯ ಕಣ್ಣ ಮುಂದೆ ಆ ಅಂಗಳ ಬಂತು, ಅಲ್ಲಿ ಓಡಾಡುತ್ತಿದ್ದ ಮುಖಗಳು ಬಂದವು.

"ಅಂತಾಳ ಅಂದ್ರಿ. ಅಂದಿದ್ಲು ಅನ್ನಲಿಲ್ಲ. ಎಲ್ಲಿ ಅದಾಳ ಮಾವ?"

ನಿಂಗಪ್ಪ ಲಾಳಿಯನ್ನು ಕೈಗೆತ್ತಿಕೊಂಡು, ತಿರುವಿ, ಮತ್ತೆ ಕೆಳಗಿಟ್ಟ. ಬನಶಂಕರೆವ್ವ ಅಡುಗೆಮನೆಗೆ ಹೋದಳು. ರೊಟ್ಟಿಯ ಬುಟ್ಟಿ ತೆರೆದ ಸದ್ದು, ಸೌಟಿನ ಸದ್ದು.

ಅತ್ತೆ ಹೊರಬಂದು ತಾಟನ್ನು ಕಾವೇರಿಯ ಕೈಗೆ ಕೊಟ್ಟಳು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಪುಟ್ಟ ಬಟ್ಟಲಲ್ಲಿ ಕೆನೆಮೊಸರು.

"ಅತ್ತಿ, ಈಗ ನನಗ ಊಟ ಹೋಗಂಗಿಲ್ಲ."

"ಇದು ನಿನಗಲ್ಲ," ಎಂದು ಬನಶಂಕರೆವ್ವ ಕಾವೇರಿಯ ಬೆರಳುಗಳನ್ನು ತಾಟಿನ ಅಂಚಿಗೆ ಸರಿಯಾಗಿ ಹಿಡಿಸಿದಳು. ಆಮೇಲೆ ಕಣ್ಣಿನಿಂದಲೇ ಮೂಲೆಯ ಅಟ್ಟದ ಏಣಿ ತೋರಿಸಿದಳು.

ಏಣಿಯ ಮೇಲಿನ ಮೆಟ್ಟಿಲಿಗೆ, ಸುಣ್ಣ ಬಳಿದ ಗೋಡೆ ತಾಗುವಲ್ಲಿ, ಹೆಬ್ಬೆರಳಿನಷ್ಟು ಅಗಲದ ನೀಲಿ ಗುರುತೊಂದು ಇತ್ತು.